ಒಂದೂವರೆ ಎಳೆ

ಹಿಂದಲ ಓಣಿಯ ನಾವೆಲ್ಲ ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ಓಡಾಡುವುದನ್ನು ನೋಡಿ ದೊಡ್ಡ ಬೀದಿಯವರು ನಗುತ್ತಿದ್ದರು. ನಗಲಿ ಬಿಡಿ. ಅವರಿಗೇನು ಕಡಿಮೆ? ಅಜ್ಜಿಯ ಕೈಯ ಎಳೆ ಮಗನ ಕೈಗೆ, ಮಗನದು ಸೊಸೆಗೆ, ಸೊಸೆಯದು ಪಕ್ಕದ ಮನೆಯ ಬೀಗಿತಿಗೆ, ಹೀಗೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಬ್ಬರಿಗೊಬ್ಬರು ಹೆಣೆದುಕೊಂಡು ಗಟ್ಟಿಯಾಗಿ ಕುಳಿತ ಜನ. ಅಂಥವರನ್ನು ಆಷಾಢದ ಗಾಳಿಯೂ ಮಿಸುಕಾಡಿಸುವುದಿಲ್ಲ. ನಮ್ಮ ಓಣಿಯವರಿಗೆ ಮಾತ್ರ ಮೂಗಿನ ತುದಿಯಲ್ಲೇ ಸಿಟ್ಟು. ಇವತ್ತು ಕಟ್ಟಿದ ಎಳೆಯನ್ನು ನಾಳೆ ಬಿಚ್ಚಿ ಮುಖಕ್ಕೆ ಎಸೆದರೇ ನಮಗೆ ಸಮಾಧಾನ.

ನಮ್ಮೂರಲ್ಲಿ ಹುಟ್ಟಿದ ಯಾರಿಗೇ ಆಗಲಿ ಮಣಿಕಟ್ಟಿನಲ್ಲಿ ಎಳೆಗಳಿರುತ್ತವೆ. ಒಂದೊಂದು ಕೈಗೆ ಎರಡು, ಒಟ್ಟು ನಾಲ್ಕು. ಅವು ನಾಲ್ಕೂ ಇನ್ನೊಬ್ಬರ ಎಳೆಗೆ ಗಂಟು ಬಿದ್ದಿರಬೇಕು. ಒಂದೇ ಒಂದು ಖಾಲಿ ಉಳಿದರೂ ಮೈಯೆಲ್ಲ ಉರಿ, ಊಟ ಸೇರುವುದಿಲ್ಲ, ಆ ಎಳೆ ಸಿಕ್ಕಿದ್ದನ್ನೆಲ್ಲ ಹಿಡಿದು ಜಗ್ಗುತ್ತದೆ. ಮನುಷ್ಯರ ಸಹವಾಸ ಬೇಡವೆಂದವರಿಗೆ ಗಾಳಿಗರಿದ್ದಾರೆ. ಅವರು ಮೊಣಕಾಲೆತ್ತರದ ಮಂದಿ. ಅವರಿಗೆ ಒಬ್ಬೊಬ್ಬರಿಗೆ ಒಂದೇ ಎಳೆ. ಕರೆದರೆ ಬಂದು ಹಿಡಿದುಕೊಳ್ಳುತ್ತಾರೆ, ಏನೂ ಕೇಳುವುದಿಲ್ಲ, ಎದುರು ಮಾತಾಡುವುದಿಲ್ಲ, ಸುಮ್ಮನೆ ಕಿಲಕಿಲ ನಗುತ್ತಾರೆ. ದೋಷವೆಂದರೆ ಒಂದೇ, ಮಹಾ ಹಗುರ. ನಾಲ್ಕು ಎಳೆಗೂ ಗಾಳಿಗರನ್ನೇ ಕಟ್ಟಿಕೊಂಡವರ ಕಾಲು ನೆಲ ಬಿಡುತ್ತದೆ. ನಮ್ಮ ಸೊಂಟದ ಕಲ್ಲು ಅದಕ್ಕಾಗಿ.

ನಮ್ಮಣ್ಣ ಗೋಣೆಪ್ಪ, ಅತ್ತಿಗೆ ಉಚ್ಚಂಗೆಮ್ಮ ಇಬ್ಬರದನ್ನೇ ತಗೊಳ್ಳಿ. ಗಂಡ ಹೆಂಡತಿ ಆದವರು ಎರಡೆಳೆ ಜೋಡಿಸಿಕೊಳ್ಳುವುದು ನಮ್ಮೂರ ಪದ್ಧತಿ. ಇವರಿಬ್ಬರು ಉಪ್ಪಿಟ್ಟಿಗೆ ಚಿಟಿಕೆ ಸಕ್ಕರೆ ಹಾಕಬೇಕೋ ಬೇಡವೋ ಎಂಬ ವಿಷಯಕ್ಕೆ ಎರಡನ್ನೂ ಬಿಚ್ಚಿಕೊಂಡು ಒಂದೇ ಮನೆಯಲ್ಲಿ ಎರಡು ಕಲ್ಲು ಇಟ್ಟುಕೊಂಡರು. ಜಗಳ ಬಿಡಿಸಲು ಹೋದ ನನ್ನ ಎಳೆಯನ್ನೂ ಇಬ್ಬರೂ ಬಿಚ್ಚಿ ಕೊಟ್ಟರು. ಬಳೆ ಮಾರುವ ಪ್ಯಾರಿಮಾಗೂ ಡಂಗುರ ಸಾರುವ ಭರ್ಮಣ್ಣನಿಗೂ ಬೇರೆ ತರದ ಹಗೆ. ಅವಳು ಬಳೇ ಎಂದು ಕೂಗುವ ಹೊತ್ತಿಗೇ ಸರಿಯಾಗಿ ಅವನು ತಮಟೆ ಬಡಿಯುತ್ತಾನೆ ಎಂಬುದು ಅವಳ ದೂರು. ಡಂಗುರ ಸಾರುವ ಹೊತ್ತಿಗೇ ಅವಳು ಬಾಯಿ ತೆಗೆಯುತ್ತಾಳೆ ಎಂಬುದು ಅವನದು. ನಾನು ಕೊಟ್ರಮ್ಮ, ಓಣಿಯ ಬಾಯಲ್ಲಿ ಮಂಡಕ್ಕಿ ಮಿರ್ಚಿ ಅಂಗಡಿ ಇಟ್ಟವಳು. ನನ್ನ ಬಾಯಿ ನನ್ನ ಮಿರ್ಚಿಗಿಂತ ಖಾರ ಎಂದು ಜನ ಆಡಿಕೊಳ್ಳುತ್ತಾರೆ. ಖಾರ ಇಷ್ಟವಾಗಿ ತಾನೇ ದಿನಾ ಸಂಜೆ ಬಂದು ಸಾಲು ನಿಲ್ಲುತ್ತಾರೆ!

ಇನ್ನು ಹಾಲೇಶಪ್ಪ. ಹತ್ತಿ ಹಿಂಜಿ ಹಾಸಿಗೆ ಹೊಲಿಯುವವನು. ಅವನು ಯಾರ ಜೊತೆಗೂ ಜಗಳವಾಡಿದವನಲ್ಲ. ಅವನಿಗೆ ಯಾರ ಹಂಗೂ ಬೇಡ, ಅಷ್ಟೇ. ಯಾರಾದರೂ ಒಂದು ಲೋಟ ಮಜ್ಜಿಗೆ ಕೊಟ್ಟರೆ ತೀರಿಸುವವರೆಗೆ ಅವನಿಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಹಾಗಾಗಿ ನಾಲ್ಕೂ ಎಳೆಯಲ್ಲಿ ಗಾಳಿಗರು. ಸರಿ, ನಮ್ಮ ಹಾಗೆ ಒಂದು ಕಲ್ಲಾದರೂ ಕಟ್ಟಿಕೊಳ್ಳಬಾರದೆ? ಕಲ್ಲಿನ ಹಂಗೂ ಬೇಡವಂತೆ! ಮೊದಮೊದಲು ಮೊಳದೆತ್ತರ ತೇಲುತ್ತಿದ್ದ. ಆಮೇಲೆ ಸೂರಿನ ಮಟ್ಟ. ಈಗೀಗ ನನ್ನ ಅಂಗಡಿ ಪಕ್ಕದ ಹುಣಸೆಮರದ ತಲೆಯ ಹತ್ತಿರವೇ ಅವನ ಸಂಸಾರ. ಅಲ್ಲೇ ಬಿಲ್ಲು ಹಿಡಿದು ಟುಂಯ್ ಟುಂಯ್ ಎಂದು ಹತ್ತಿ ಹಿಂಜುತ್ತಿದ್ದ. ಅರಳೆ ಓಣಿಯ ಮೇಲೆಲ್ಲ ಉದುರಿ ನನ್ನ ಬಾಣಲೆಯಲ್ಲೂ ಬೀಳುತ್ತಿತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ನನಗೆ ಆ ಮನುಷ್ಯನ ಮೇಲೆ ಜೀವ. ನಲವತ್ತರ ಮೇಲಾದ ಹೆಂಗಸು ಹೀಗೆ ಹೇಳಬಾರದು ಎನ್ನುವವರು ಕಿವಿ ಮುಚ್ಚಿಕೊಳ್ಳಲಿ. ನಾನು ಗಳಕ್ಕೆ ಬುಟ್ಟಿ ಕಟ್ಟಿ ಮಿರ್ಚಿ ಮೇಲೆ ಕಳಿಸುತ್ತಿದ್ದೆ. ಅವನು ತಿಂದು, ಬುಟ್ಟಿಯಲ್ಲಿ ಹದವಾಗಿ ಹಿಂಜಿದ ಒಂದು ಹಿಡಿ ಅರಳೆ ಇಟ್ಟು ಇಳಿಸುತ್ತಿದ್ದ. ಹಂಗು ತೀರಿತು, ಮುಗಿಯಿತು. ಹಾಗೆ ಬಂದ ಅರಳೆಯಲ್ಲಿ ನಾನು ಎರಡು ದಿಂಬು ಮಾಡಿಟ್ಟುಕೊಂಡಿದ್ದೆ. ಒಂದೇ ತಲೆಗೆ ಎರಡು ದಿಂಬು ಯಾಕೆ ಎಂದು ಅತ್ತಿಗೆ ಕೇಳಿ ಕೇಳಿ ಸಾಕಾಗಿದ್ದಳು.

ಆಷಾಢ ಬಂತು. ಭರ್ಮಣ್ಣ ಓಣಿಯಲ್ಲಿ ನಿಂತು ತಮಟೆ ಬಡಿದ. “ಕೇಳ್ರಪ್ಪೋ ಕೇಳ್ರಿ! ನಾಳೆ ದೊಡ್ಡ ಗಾಳಿ ಏಳತೈತಿ! ತೇಲಾಡೋರು ಇಳೀರಿ, ಕಲ್ಲು ಬಿಗಿ ಮಾಡಿಕೊಳ್ರಿ! ಆಮ್ಯಾಲೆ ಗುಡ್ಡದಾಚೆ ಹೋದ್ರ ಹುಡುಕಾಕ ಯಾರೂ ಬರಂಗಿಲ್ಲಾ!” ಹಿಂದಿನ ಸಲದ ಗಾಳಿಗೆ ಶಹನಾಯಿ ಊದುವವನೊಬ್ಬ ಹಾಗೇ ಹೋಗಿದ್ದ. ಹೋಗುವಾಗಲೂ ಊದುತ್ತಲೇ ಇದ್ದ. ಗುಡ್ಡದ ಆಚೆಯಿಂದ ಆ ಸ್ವರ ಬಹಳ ಹೊತ್ತು ಕೇಳಿಸುತ್ತಿತ್ತು, ಆಮೇಲೆ ಕೇಳಿಸಲಿಲ್ಲ. ಅದು ನೆನಪಾಗಿ ನಾನು ಹುಣಸೆಮರದ ಕಡೆ ತಲೆಯೆತ್ತಿದೆ.

ಮಾರನೆಯ ಬೆಳಿಗ್ಗೆ ಎಣ್ಣೆ ಕಾಯಲು ಇಟ್ಟವಳು ಹಾಗೇ ಬಿಟ್ಟು ಅಂಗಡಿಯ ಮಾಳಿಗೆ ಹತ್ತಿದೆ. ಗಾಳಿ ಆಗಲೇ ಸೀರೆಯ ಸೆರಗು ಕಿತ್ತುಕೊಳ್ಳುತ್ತಿತ್ತು. ಹಾಲೇಶಪ್ಪ ಹುಣಸೆಯ ಒಂದು ಟೊಂಗೆ ಹಿಡಿದುಕೊಂಡು ಬಾವುಟದ ಹಾಗೆ ಅಡ್ಡಡ್ಡ ಹಾರುತ್ತಿದ್ದ. ಇನ್ನೊಂದು ಕೈಯಲ್ಲಿ ಬಿಲ್ಲು.

“ಹಾಲೇಶಪ್ಪಾ, ಒಂದು ಎಳೆ ಕೊಡು ಈ ಕಡೆ!” ಎಂದು ಕೂಗಿದೆ.

“ಬ್ಯಾಡ ಕೊಟ್ರವ್ವ. ನಿನ್ನ ಹಂಗು ನನಗ್ಯಾಕ?”

“ಹಂಗು ಹಾಳಾಗಿ ಹೋಗ್ಲಿ! ಟೊಂಗಿ ಹಂಗು ಆಗತೈತಿ, ನನ್ನ ಹಂಗು ಆಗಂಗಿಲ್ಲೇನು ನಿನಗ? ಹುಣಸಿಗಿಡಕ್ಕಿಂತ ಕಡೆ ಆದೆನೇನು ನಾ?”

 ಅವನ ಬದಲಿಗೆ ಟೊಂಗೆ ಉತ್ತರ ಕೊಟ್ಟಿತು, ಲಟಕ್ಕೆಂದಿತು. ನಾನು ನನ್ನ ಒಬ್ಬ ಗಾಳಿಗನನ್ನು ಬಿಟ್ಟು ಎಳೆ ಬೀಸಿದೆ. ನಾಲ್ಕು ಮೊಳ ಸಾಲಲಿಲ್ಲ. ಸೊಂಟದ ಕಲ್ಲು ಇರುವವರೆಗೆ ಸಾಲುವ ಹಾಗೂ ಇರಲಿಲ್ಲ. ಆಗಿದ್ದು ಆಗಲಿ ಎಂದು ಕಲ್ಲಿನ ಹಗ್ಗ ಬಿಚ್ಚಿ ಎಸೆದುಬಿಟ್ಟೆ. ಅಯ್ಯಪ್ಪಾ! ಪಾದದ ಕೆಳಗಿನ ಮಾಳಿಗೆ ಇಲ್ಲವಾಯಿತು. ನಾನು ಮೇಲೆ ಬರುವುದನ್ನು ನೋಡಿ ಹಾಲೇಶಪ್ಪನ ಮುಖ ಬಿಳಿಚಿಕೊಂಡಿತು. “ಹುಚ್ಚಿ! ಹುಚ್ಚಿ ಅದೀ ನೀ!” ಎನ್ನುತ್ತ ತಾನೇ ಎಳೆ ಚಾಚಿದ. ಗಂಟು ಬಿತ್ತು. ನಮ್ಮಿಬ್ಬರನ್ನು ಬಿಟ್ಟ ಗಾಳಿಗರಿಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕೇಕೆ ಹಾಕುತ್ತ ಹಾರಿಹೋದರು. ಅವರದು ಯಾವಾಗಲೂ ಹಾಗೆ, ಕೈ ತಪ್ಪಿದರೆ ಜೋಡಿಯಾಗಿಯೇ ಹೋಗುವುದು.

ಒಬ್ಬನಿದ್ದಾಗ ಮರದ ತಲೆಯ ಮಟ್ಟದಲ್ಲಿದ್ದವನು ಇಬ್ಬರಾದ ಮೇಲೆ ಹೆಂಚಿನ ಮಟ್ಟಕ್ಕೆ ಇಳಿದ. ಆದರೆ ಹೆಂಚಿನ ಮಟ್ಟದಲ್ಲೂ ಗಾಳಿ ಇರುತ್ತದಲ್ಲ! ನಾವಿಬ್ಬರೂ ಮನೆಯಿಂದ ಮನೆಯ ಮೇಲೆ ಹಾರುತ್ತ ಹೊರಟೆವು. ಭಯ ಒಂದು ಕಡೆ. ಇನ್ನೊಂದು ಕಡೆ, ನನ್ನ ಜನ್ಮದಲ್ಲಿ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಅಣ್ಣ ತನ್ನ ಮನೆಯ ಮೇಲೆ ಹೆಂಚು ಸರಿಮಾಡುತ್ತಿದ್ದ. ತಂಗಿ ತಲೆಯ ಮೇಲೆ ಹಾರಿಹೋಗುವುದನ್ನು ಕಂಡು, ಮಾತು ಬಿಟ್ಟದ್ದನ್ನು ಮರೆತು, “ಏ ಕೊಟ್ರಿ!” ಎಂದು ನನ್ನ ಎಳೆಗೆ ತನ್ನ ಎಳೆ ಹಾಕಿದ. ಜಗ್ಗಿದ ರಭಸಕ್ಕೆ ಅವನ ಕಲ್ಲು ಪಂಚೆಯಿಂದ ಜಾರಿ ಎರಡು ಹೆಂಚು ಒಡೆದು ಒಳಗೆ ಬಿತ್ತು. ಒಳಗಿದ್ದ ಅತ್ತಿಗೆ ಹೊರಗೆ ಬಂದಳು.

“ಮನಿ ಮುರದು ಎಲ್ಲಿಗ ಹೊಂಟೀ?” ಎಂದು ಹಾರಿ ಅವನನ್ನು ಹಿಡಿದಳು. ಬೈಯುವುದು ಬಾಕಿಯಿತ್ತಲ್ಲ, ಬಿಡಲು ಮನಸ್ಸಾಗಲಿಲ್ಲ. ಅವಳ ಕಲ್ಲೂ ಜಾರಿತು. ನಾಲ್ವರಾದೆವು, ಸೂರಿನ ಮಟ್ಟಕ್ಕೆ ಬಂದೆವು. ಅತ್ತಿಗೆಯ ಕಾಲು ಪ್ಯಾರಿಮಾಳ ಬಳೆಯ ಮಲಾರಕ್ಕೆ ತಗುಲಿತು. “ಯಾ ಅಲ್ಲಾ, ನನ್ನ ಬಳಿ!” ಎಂದು ಪ್ಯಾರಿಮಾ ಅತ್ತಿಗೆಗೆ ಎಳೆ ಹಾಕಿದಳು, ಅವಳ ಕಲ್ಲೂ ಉಳಿಯಲಿಲ್ಲ. ಐವರಾದ ಕೂಡಲೇ ನಮ್ಮೆಲ್ಲರ ಹೆಬ್ಬೆರಳು ನೆಲಕ್ಕೆ ತಾಗಿತು. ಅಬ್ಬಾ ಎಂದುಕೊಂಡೆವು. ಆದರೆ ನಿಲ್ಲಲು ಆಗಲಿಲ್ಲ. ಚೆಲ್ಲಿದ ಎಣ್ಣೆಯ ಹಾಗೆ ಓಣಿಯ ಇಳಿಜಾರಿನಲ್ಲಿ ಹರಿಯತೊಡಗಿದೆವು. ಎಲ್ಲಿ ತಗ್ಗೋ ಅಲ್ಲಿಗೆ. ಬಿಸಿಲು ಬಿದ್ದ ಕಡೆ ಗಾಳಿಗರು ಉಬ್ಬಿ ಮತ್ತೆ ಕಾಲು ಏಳುತ್ತಿತ್ತು, ನೆರಳಿಗೆ ಬಂದರೆ ಇಳಿಯುತ್ತಿತ್ತು. ಎದುರಿಗೆ ತಮಟೆ ಹಿಡಿದು ಬಂದ ಭರ್ಮಣ್ಣ ಸರಿಯಲು ಪುರುಸೊತ್ತಿಲ್ಲದೆ ಪ್ಯಾರಿಮಾಳ ಎಳೆಗೇ ಸಿಕ್ಕಿಕೊಂಡ, ಅವನ ಕಲ್ಲೂ ಕಳಚಿ ಬಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮುಖ ತಿರುಗಿಸಿದರು.

ಆರು ಜನರ ಆ ಸಾಲು ಅಂಕುಡೊಂಕಾಗಿ ಗುಡ್ಡದ ಕಡೆಗೇ ಹರಿಯುತ್ತಿತ್ತು. ಊರಿನ ಎಳೆ ಕಟ್ಟುವವಳು ತಿಮ್ಮಜ್ಜಿ. ನಾಮಕರಣಕ್ಕೂ ಮದುವೆಗೂ ಗಂಟು ಹಾಕುವುದು ಅವಳದೇ ಕೈ. ಅವಳು ಕಟ್ಟೆಯ ಮೇಲಿಂದಲೇ ಕೂಗಿದಳು, “ತಲಿ ಬಾಲ ಕೂಡಿಸ್ರೋ! ತುದಿ ಇದ್ದರಲ್ಲೇನು ಗಾಳಿ ಹಿಡಿಯೋದು! ತುದೀನ ಇಲ್ಲದಂಗ ಮಾಡ್ರಿ!” ಹಾಲೇಶಪ್ಪ ಒಂದು ತುದಿ, ಭರ್ಮಣ್ಣ ಇನ್ನೊಂದು ತುದಿ. ಭರ್ಮಣ್ಣ ಬಾಗಿ ಎಳೆ ಎಸೆದ. ಹಾಲೇಶಪ್ಪ ಒಂದು ಗಳಿಗೆ ಆ ಎಳೆಯನ್ನೇ ನೋಡಿದ. ನನ್ನ ಕಡೆ ನೋಡಿದ. ಆಮೇಲೆ ಬಿಲ್ಲನ್ನು ಕಂಕುಳಿಗೆ ಸಿಕ್ಕಿಸಿ ಹಿಡಿದುಕೊಂಡ. ಸುತ್ತು ಕೂಡಿತು. ನಾವು ದುಂಡಗೆ ಒಂದು ಸಲ ತಿರುಗಿ ನನ್ನ ಅಂಗಡಿಯ ಮುಂದೆ ಬಂದು ಧಪ್ಪನೆ ಕುಳಿತೆವು.

ಅಷ್ಟರಲ್ಲಿ ಇನ್ನೊಂದು ದೊಡ್ಡ ಗಾಳಿ ಬೀಸಿತು. ನಮ್ಮ ಒಬ್ಬೊಬ್ಬರಲ್ಲಿ ಎರಡೆರಡು ಎಳೆ ಅಕ್ಕಪಕ್ಕದವರಿಗೆ ಹೋಗಿ ಇನ್ನೂ ಇಬ್ಬರಿಬ್ಬರು ಗಾಳಿಗರು ಉಳಿದಿದ್ದರಲ್ಲ, ಅವರಲ್ಲಿ ತಲೆಗೊಬ್ಬರಂತೆ ಕಿತ್ತುಕೊಂಡು, ಜೋಡಿ ಜೋಡಿ ಆಗಿ ಗುಡ್ಡದಾಚೆ ಹೋದರು. ಈಗ ಆರೂ ಜನರಿಗೆ ಒಂದೊಂದು ಎಳೆ ಖಾಲಿ. ಉರಿ ಶುರುವಾಯಿತು. ಖಾಲಿ ಎಳೆಯನ್ನು ಪಕ್ಕದವರ ಖಾಲಿ ಎಳೆಗೇ ಜೋಡಿಸಬೇಕು, ಆಚೆಯವರಿಗೆ ಎಟುಕುವುದಿಲ್ಲ. ಹಾಗೆ ಜೋಡಿಸಿದರೆ ಅದು ಎರಡೆಳೆ. ಎರಡೆಳೆ ಅಂದರೆ ಗೊತ್ತಲ್ಲ, ಬದುಕು ಪೂರ್ತಿ.

 ನಾನು ಹಾಲೇಶಪ್ಪನಿಗೆ, ಅಣ್ಣ ಅತ್ತಿಗೆಗೆ, ಪ್ಯಾರಿಮಾ ಭರ್ಮಣ್ಣನಿಗೆ. ಎಷ್ಟು ಸಲೀಸು! ದೇವರೇ ಕೂರಿಸಿದ ಹಾಗೆ ಕುಳಿತಿದ್ದೇವೆ.

“ಸತ್ತರೂ ಈ ಮನುಷ್ಯಾಗ ಕಟ್ಟಂಗಿಲ್ಲ ನಾ,” ಎಂದಳು ಅತ್ತಿಗೆ. “ಈ ಕಡೆ ಪ್ಯಾರಿಮಾ ಅದಾಳಲ್ಲ, ಅಕಿಗೆ ಕಟ್ತೀನಿ.”

“ಕಟ್ಟವ್ವ, ಕಟ್ಟು,” ಎಂದಳು ಪ್ಯಾರಿಮಾ. “ಈ ತಮಟಿ ಜೋಡಿ ಎರಡೆಳಿ ಅಂದ್ರ ನನ್ನ ಕಿವಿ ಉಳೀತಾವೇನು?”

ಅವರಿಬ್ಬರು ಜೋಡಿಯಾದರೆ ಭರ್ಮಣ್ಣನಿಗೆ ಉಳಿಯುವುದು ಹಾಲೇಶಪ್ಪ. ನನಗೆ ಉಳಿಯುವುದು ಅಣ್ಣ! ಕಲ್ಲು ಬಿಚ್ಚಿ ಎಸೆದು, ಆಕಾಶಕ್ಕೆ ಹೋಗಿ ಹಿಡಿದು ತಂದದ್ದು ಭರ್ಮಣ್ಣನಿಗೆ ಕೊಡುವುದಕ್ಕೇ? ನಾನು ಬಾಯಿ ತೆಗೆದೆ. ಏನೇನು ಅಂದೆನೋ ಈಗ ಹೇಳುವುದಿಲ್ಲ. ಅತ್ತಿಗೆಯೂ ಬಿಡಲಿಲ್ಲ. “ಅದಕ್ಕ ಎರಡು ದಿಂಬು!” ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಹಾಲೇಶಪ್ಪ ತಲೆ ತಗ್ಗಿಸಿದ. ಅವನ ಕಿವಿ ಕೆಂಪಗಾದದ್ದು ನನಗೆ ಕಂಡಿತು, ಆ ಸಿಟ್ಟಿನಲ್ಲೂ ಕಂಡಿತು.

ತಿಮ್ಮಜ್ಜಿ ಕೋಲೂರಿಕೊಂಡು ನಮ್ಮ ನಡುವೆ ಬಂದು ಕುಳಿತಳು. “ಯಾರದು ಯಾರಿಗೆ, ಬೇಗ ಹೇಳ್ರಿ.” ಒಬ್ಬರು ಹೀಗೆ ಎಂದರೆ ಇನ್ನೊಬ್ಬರು ಹಾಗೆ ಎಂದರು. ಅಷ್ಟರಲ್ಲಿ ನನ್ನ ಒಲೆಯ ಮೇಲೆ ಮರೆತುಹೋದ ಎಣ್ಣೆ ಕಾದು ಹೊಗೆ ಕಾರುತ್ತಿತ್ತು. ಗಾಳಿಗೆ ಮೆಣಸಿನಕಾಯಿಯ ಬುಟ್ಟಿ ಉರುಳಿ ಬಾಣಲೆಗೇ ಬಿತ್ತು. ಆ ಘಾಟು! ಅಯ್ಯೋ ಶಿವನೇ! ಆರೂ ಜನ ಕೆಮ್ಮಿ ಕೆಮ್ಮಿ ಕಣ್ಣು ಮುಚ್ಚಿದೆವು. ಹೇಗೋ ತೆವಳಿ ನಾನೇ ಬಾಣಲೆಯ ಮೇಲೆ ತಟ್ಟೆ ಮುಚ್ಚಿದೆ, ಎಲ್ಲರೂ ನನ್ನ ಹಿಂದೆ ಎಳೆಸಿಕೊಂಡು ಬಂದರು. ತಿಮ್ಮಜ್ಜಿಯ ಕಣ್ಣಲ್ಲಿ ಧಾರಾಕಾರ ನೀರು. ಆದರೂ ಕೈ ಸುಮ್ಮನಿರಬೇಕಲ್ಲ? ಖಾಲಿ ಎಳೆಗಳನ್ನು ತಡವಿ ತಡವಿ ಹಿಡಿದು ಸರಸರ ಗಂಟು ಹಾಕಿಬಿಟ್ಟಳು. ಹೊಗೆ ಇಳಿದ ಮೇಲೆ ನೋಡುತ್ತೇವೆ, ಯಾರ ಎಳೆಯೂ ಯಾರೊಬ್ಬರಿಗೂ ಇಲ್ಲ. ಆರನ್ನೂ ಕೂಡಿಸಿ ಒಂದೇ ಬಳೆಯ ಹಾಗೆ ನಮ್ಮ ಸುತ್ತ ಸುತ್ತಿಟ್ಟಿದ್ದಳು!

“ಏನ್ ಮಾಡಿದಿಬೇ ಅಜ್ಜಿ!” ಎಂದು ಅಣ್ಣ ಹಣೆ ಚಚ್ಚಿಕೊಂಡ. ನಮ್ಮೂರಲ್ಲಿ ಅಂಥ ಗಂಟು ಯಾರೂ ಹಾಕಿದ್ದಿಲ್ಲ, ಹಾಕಬಾರದು ಕೂಡ. “ಬಿಚ್ಚಬೇ!” ಎಂದು ನಾನೇ ಮೊದಲು ಕೂಗಿದವಳು. ಕೂಗಿದವಳು ಅಲ್ಲಿಗೇ ನಿಲ್ಲಿಸಿದೆ. ಉರಿ ಹೋಗಿತ್ತು. ಹೋಗಿದ್ದಷ್ಟೇ ಅಲ್ಲ, ಆ ಎಳೆ ನಮ್ಮ ನಡುವೆ ಮೆಲ್ಲಗೆ ಓಡಾಡುತ್ತಿತ್ತು. ಈಗ ಹಾಲೇಶಪ್ಪನ ಕಡೆಯಿಂದ ಬಿಗಿಯಾಗಿ ನನ್ನ ಕೈ ಹಿಡಿದಂತಾಗುವುದು, ರೆಪ್ಪೆ ಮುಚ್ಚಿ ತೆಗೆಯುವಷ್ಟರಲ್ಲಿ ಅದೇ ಬಿಗಿತ ಅಣ್ಣನ ಕಡೆಯಿಂದ. ಅತ್ತಿಗೆ ಅಣ್ಣನ ಕಡೆ ವಾಲಿದಳು, ಪ್ಯಾರಿಮಾಳ ಕಡೆ ವಾಲಿದಳು, ಮತ್ತೆ ಅಣ್ಣನ ಕಡೆ. ಎರಡು ಎನ್ನುವಂತಿಲ್ಲ, ಒಂದು ಎನ್ನುವಂತೆಯೂ ಇಲ್ಲ. “ಒಂದೂವರಿ ಅನ್ರಿ,” ಎಂದ ಭರ್ಮಣ್ಣ. ಅವನು ಬಾಳಿನಲ್ಲಿ ಮೆಲ್ಲಗೆ ಆಡಿದ ಮೊದಲ ಮಾತು ಅದೇ ಇರಬೇಕು.

ಆಮೇಲೆ ಆ ಗಂಟಿನಿಂದ ಪರಿಮಳ ಎದ್ದಿತು. ಮೆಣಸಿನಕಾಯಿಯ ಘಾಟನ್ನೂ ಮೀರಿ ಎದ್ದಿತು. ಅದು ಎಂಥದೆಂದು ಇವತ್ತಿಗೂ ನಮ್ಮಲ್ಲಿ ಒಮ್ಮತವಿಲ್ಲ. ಪ್ಯಾರಿಮಾ ಅತ್ತರು ಎಂದಳು, ಅತ್ತಿಗೆ ಬಾದಾಮಿ ಎಂದಳು, ಅಣ್ಣ ಹೊಸ ಸೀಮೆಎಣ್ಣೆಯ ವಾಸನೆ ಎಂದು ಬೈಸಿಕೊಂಡ. ದೊಡ್ಡ ಬೀದಿಯವರು ಮೂಗು ಅರಳಿಸಿಕೊಂಡು ಓಣಿಗೆ ಬಂದರು. ಗಾಳಿ ಇಡೀ ದಿನ ನಮ್ಮ ಮೇಲೆ ಹಾಯ್ದು ಹೋಯಿತು, ನಾವು ಒಂದು ಅಂಗುಲ ಸರಿಯಲಿಲ್ಲ. ಸೊಂಟದಲ್ಲಿ ಕಲ್ಲಿಲ್ಲದೆ ನೆಲದ ಮೇಲೆ ಕೂರುವ ಸುಖ ನನಗೆ ಮರೆತೇ ಹೋಗಿತ್ತು. ಆ ದಿನದ ಮಿರ್ಚಿಯನ್ನು ಆರು ಜನ ಸೇರಿ ಕರಿದೆವು, ಬೇರೆ ದಾರಿ ಇರಲಿಲ್ಲ. ಒಬ್ಬರು ಕೈ ಎತ್ತಿದರೆ ಎಲ್ಲರದೂ ಏಳುತ್ತಿತ್ತು. ಭರ್ಮಣ್ಣ ಕಡಲೆಹಿಟ್ಟಿನಲ್ಲಿ ಅದ್ದಿದ, ಪ್ಯಾರಿಮಾ ಎಣ್ಣೆಗೆ ಬಿಟ್ಟಳು, ಮಿರ್ಚಿ ಹಾಕುವ ಹೊತ್ತಿಗೆ ಅವನು, ತೆಗೆಯುವ ಹೊತ್ತಿಗೆ ಅವಳು ಕೂಗಬೇಕು ಎಂದು ಅವರವರೇ ಮಾತಾಡಿಕೊಂಡರು.

ಮಾರನೆಯ ದಿನ ದೊಡ್ಡ ಬೀದಿಯ ಹಿರಿಯರು ಬಂದು ಕುಳಿತರು. ಪರಿಮಳ ಚೆನ್ನಾಗಿದೆ, ಆದರೆ ಪದ್ಧತಿ ಎಂಬುದೊಂದು ಇದೆಯಲ್ಲ ಎಂದರು. ಬಿಚ್ಚಿ, ಮೂರು ಜೋಡಿ ಮಾಡಿ ಸರಿಯಾಗಿ ಕಟ್ಟಬೇಕು. ತಿಮ್ಮಜ್ಜಿ ಸಪ್ಪೆ ಮೋರೆ ಹಾಕಿಕೊಂಡು ಎಳೆಗೆ ಕೈ ಹಾಕಿದಳು.

ಪ್ಯಾರಿಮಾ ನನ್ನ ಮುಖ ನೋಡಿದಳು. “ನಿನ್ನ ಆಸೆ ನನಗೂ ಗೊತ್ತೈತಿ ಕೊಟ್ರಿ. ಆಗಲಿ ಬೇಟಿ, ನಿನ್ನ ಸಲುವಾಗಿ ಈ ತಮಟಿ ಕಟ್ಟಿಕೊಳ್ತೀನಿ.” ಅತ್ತಿಗೆ ಕೂಡ, “ನಾನೂ ಕಟ್ತೀನಿ ಬಿಡು, ಸಕ್ಕರಿ ಬೇಕಾದ್ರ ಹಾಕ್ಕೊಳ್ಳಲಿ,” ಎಂದಳು. ನನಗೆ ಬೇಕಾದದ್ದು ಎದುರಿಗೇ ಬಂದು ನಿಂತಿತ್ತು. ಹಾಲೇಶಪ್ಪ, ಪೂರ್ತಿ ಎರಡೆಳೆ, ಊರ ಹಿರಿಯರ ಎದುರಿಗೆ. ನಾನು ಕೈ ಮುಂದೆ ಚಾಚಿದೆ.

“ಬಿಚ್ಚಬ್ಯಾಡ್ರಿ,” ಎಂದ ಹಾಲೇಶಪ್ಪ.

ನಾನು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡೆ. ಕಣ್ಣಲ್ಲಿ ನೀರು ಬಂತು, ನೀರಿನ ಜೊತೆಗೆ ಸಿಟ್ಟೂ ಬಂತು. “ಯಾಕ? ನನಗ ಎರಡೆಳಿ ಕೊಟ್ಟರ ನಿನ್ನ ಗಂಟೇನು ಹೋಗತೈತಿ?”

ಅವನು ಅಷ್ಟು ಜನರ ಎದುರಿಗೆ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.  “ನೋಡು ಕೊಟ್ರವ್ವ. ನಿನಗ ಎರಡೂ ಕೊಟ್ಟರ ನಿನ್ನೊಬ್ಬಾಕಿ ಹಂಗಿನಾಗ ಇರ್ತೀನಿ. ನಿನ್ನೆ ಭರ್ಮಣ್ಣ ಗೊರಕಿ ಹೊಡದ್ರ ನನಗ ಎಚ್ಚರಾತು. ನಿಮ್ಮತ್ತಿಗಿ ಹೊದಿಕಿ ಎಳಕೊಂಡ್ರ ನನಗ ಚಳಿ ಆತು. ನೀ ಕನಸಿನಾಗ ಯಾರನ್ನೋ ಬೈದಿ, ನನ್ನ ಕೈ ಗಡಗಡ ಅಂತು. ಇಷ್ಟು ವರ್ಷ ಯಾರ ಹಂಗೂ ಬ್ಯಾಡ ಅಂತ ಮ್ಯಾಲಿದ್ದೆ. ನಿನ್ನೆ ಐದು ಮಂದಿ ಹಂಗಿನಾಗ ಮಲಗಿದ್ದೆ. ಅಷ್ಟು ಚಲೋ ನಿದ್ದಿ ನನಗ ಎಂದೂ ಬಂದಿದ್ದಿಲ್ಲ.” ಅವನು ನನ್ನನ್ನೇ ನೋಡಿದ. “ನನಗ ನೀ ಬೇಕು. ಇವ್ರೂ ಬೇಕು. ಒಂದೂವರಿ ಎಳಿಗೆ ತಾಳಿ ಕಟ್ಟಸಿಕೊಳ್ತೀ ಏನು?”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೂವರೆ ಎಳೆಗೆ ತಾಳಿ ಕಟ್ಟಿದ ದಾಖಲೆ ಊರಲ್ಲಿ ಇಲ್ಲ ಎಂದರು. “ಇನ್ಮ್ಯಾಲೆ ಐತಿ ಅನ್ರಿ,” ಎಂದೆ ನಾನು. ನನ್ನ ಬಾಯಿಯ ಎದುರು ಯಾರು ನಿಲ್ಲುತ್ತಾರೆ? ತಿಮ್ಮಜ್ಜಿ ತನ್ನ ಗಂಟಿನ ಮೇಲೆ ಅರಿಶಿನ ಹಚ್ಚಿ, ಇದು ತಾನು ಬೇಕೆಂದೇ ಹಾಕಿದ್ದು ಎಂದು ಅವತ್ತಿನಿಂದ ಹೇಳಿಕೊಂಡು ತಿರುಗತೊಡಗಿದಳು.

ಅದೇ ವಾರ ಅಂಗಡಿಯ ಮುಂದೆ ಚಪ್ಪರ ಹಾಕಿದರು. ಆಷಾಢದಲ್ಲಿ ಮದುವೆಯೇ ಎಂದು ಒಂದಿಬ್ಬರು ಗೊಣಗಿದರು, ಮಿರ್ಚಿ ಕೈಗೆ ಬಂದ ಮೇಲೆ ಸುಮ್ಮನಾದರು. ಹಾಲೇಶಪ್ಪ ತಾಳಿ ಹಿಡಿದು ಕೈ ಎತ್ತಿದಾಗ ಆರೂ ಜನರ ಕೈ ಒಟ್ಟಿಗೆ ಮೇಲೆದ್ದವು. ಮೊದಲ ಗಂಟಿಗೆ ಅತ್ತಿಗೆ ಮೂಗು ಸೇದಿದಳು. ಎರಡನೆಯದಕ್ಕೆ ಭರ್ಮಣ್ಣ ಗಟ್ಟಿಯಾಗಿಯೇ ಅತ್ತುಬಿಟ್ಟ. ಮೂರನೆಯ ಗಂಟಿನ ಹೊತ್ತಿಗೆ ಯಾರ ಕೈ ಯಾರ ಕಣ್ಣು ಒರೆಸುತ್ತಿದೆ ಎಂದು ನಮಗೇ ತಿಳಿಯುತ್ತಿರಲಿಲ್ಲ.